ಇವರ ಹೆಸರಿನಲ್ಲಿದ್ದ ವ್ಯಾನು

ಮಾರ್ಚ್ 3, ಸೋಮವಾರ. ಸಂಜೆ 6

ವಾಹನ ಕಚೇರಿಗೆ ಮೂರನೇ ಸಲ. ಕೌಂಟರಿನ ಹೆಂಗಸು ಇವತ್ತು ಕಾಗದ ವಾಪಸ್ ತಳ್ಳಲಿಲ್ಲ — ಅದೇ ದೊಡ್ಡ ಸುದ್ದಿ. ಮೊದಲ ಸಲ ಮರಣ ಪ್ರಮಾಣಪತ್ರದ ನಕಲು ಕೊಟ್ಟರೆ ಅಸಲು ಬೇಕೆಂದಳು. ಎರಡನೇ ಸಲ ಅಸಲು ಒಯ್ದರೆ ನಕಲು ಎಲ್ಲಿ ಎಂದಳು. ಇವತ್ತು ಎರಡೂ ಇತ್ತು. ಜೊತೆಗೆ ವಾರಸುದಾರರ ಪತ್ರ, ಇನ್ಶೂರೆನ್ಸ್, ಮಗಳ ಕೈಯಲ್ಲಿ ಬರೆಸಿದ 'ನನ್ನ ಅಭ್ಯಂತರವಿಲ್ಲ'. ಒಂದೊಂದಾಗಿ ತಿರುವಿದಳು, ನನ್ನ ಮುಖ ನೋಡಿದಳು, ಸೀಲು ಗುದ್ದಿದಳು. ಶುಕ್ರವಾರ ವ್ಯಾನು ತರಬೇಕಂತೆ. ಇನ್ಸ್‌ಪೆಕ್ಟರ್ ಒಂದು ಸಲ ನೋಡಿದರೆ ಮುಗಿಯಿತು, ಗಾಡಿ ಇವರ ಹೆಸರಿನಿಂದ ನನ್ನ ಹೆಸರಿಗೆ.

ಬಟ್ಟೆ ಅಂಗಡಿಗೆ ಮತ್ತೆ ಅರ್ಧ ದಿನ ರಜೆ. ಯಜಮಾನ ಗೊಣಗಿದ. ಆರು ಪ್ಯಾಂಟಿನ ಉದ್ದ ಕಡಿಮೆ ಮಾಡುವುದಿದೆ, ನಾಳೆ ಬೇಗ ಬಂದು ಮುಗಿಸುತ್ತೇನೆ ಅಂದೆ. ಬದುಕಿದ್ದಾಗ ಒಂದು ಕಾಗದ ನೆಟ್ಟಗೆ ಎತ್ತಿಡಲಿಲ್ಲ ಪುಣ್ಯಾತ್ಮ, ಹೋದ ಮೇಲೂ ನನ್ನ ಕಾಲಿಗೆ ಚಕ್ರ ಕಟ್ಟಿದರು. ಆರ್‌ಸಿ ಪುಸ್ತಕ ಸಿಕ್ಕಿದ್ದು ಬಣ್ಣದ ಡಬ್ಬಗಳ ಅಡಿಯಲ್ಲಿ, ರಟ್ಟಿನ ಮೇಲೆ ಹಳದಿ ಉಂಗುರ ಒತ್ತಿಸಿಕೊಂಡು.

ಮಾರ್ಚ್ 4, ಮಂಗಳವಾರ

ಮೈದುನ ಬಂದಿದ್ದರು. ಕ್ಷೇಮ ವಿಚಾರಿಸಲು ಅಂದರು, ಕಣ್ಣೆಲ್ಲ ವ್ಯಾನಿನ ಮೇಲೆ. ಹಳೇ ಗಾಡಿ, ಇಬ್ಬರು ಹೆಂಗಸರಿಗೆ ಯಾಕೆ ರಗಳೆ, ತಾನೇ ವಿಲೇವಾರಿ ಮಾಡಿಕೊಡುತ್ತೇನೆ ಅಂದರು. ವಿಲೇವಾರಿ ಮಾಡೋಕೆ ಅದೇನು ಕಸವಾ ಚಿಕ್ಕಪ್ಪ ಅಂತ ಮಗಳು ಒಳಗಿಂದಲೇ ಕೇಳಿದಳು. ನಾಲಿಗೆ ಅಪ್ಪನದಲ್ಲ, ನನ್ನದು. ಬೈಯಲು ಮನಸ್ಸಾಗಲಿಲ್ಲ.

ಇವರು ಮೂವತ್ತು ವರ್ಷ ಬೋರ್ಡು ಬರೆದವರು. ಅಂಗಡಿ ಬೋರ್ಡು, ಗೋಡೆ, ಗಾಡಿಗಳ ನಂಬರ್ ಪ್ಲೇಟು. ಆ ಕೈ ಮಗಳಿಗೆ ಬಂದಿದೆ. ಈಗ ಅವಳಿಗೊಂದು ಕೆಲಸ ಸಿಕ್ಕಿದೆ — ಹೊಸ ಆಸ್ಪತ್ರೆ, ಮೂರು ಮಹಡಿ, ಪ್ರತಿ ಬಾಗಿಲಿಗೆ ಹೆಸರು, ಪ್ರತಿ ತಿರುವಿಗೆ ಬಾಣ, ಎಲ್ಲ ಕೈಬರಹ. ಮೂವತ್ತೊಂದಕ್ಕೆ ಶುರು. ಏಣಿ, ಹಲಗೆ, ಡಬ್ಬ ಬಸ್ಸಿನಲ್ಲಿ ಹೋಗುವ ಸಾಮಾನಲ್ಲ. ಸತ್ತವರ ಹೆಸರಿನ ಗಾಡಿಯನ್ನು ಆಸ್ಪತ್ರೆಯವರು ಗೇಟಿನೊಳಗೆ ಬಿಡುವುದಿಲ್ಲವಂತೆ. ವ್ಯಾನು ಇಲ್ಲ ಅಂದರೆ ಕೆಲಸ ಇನ್ನೊಬ್ಬರಿಗೆ. ಅಪ್ಪ ಹೋದ ಈ ನಾಲ್ಕು ತಿಂಗಳಲ್ಲಿ ಹುಡುಗಿ ನಕ್ಕಿದ್ದು ಆ ಆರ್ಡರ್ ಬಂದ ದಿನ ಮಾತ್ರ.

ಮಾರ್ಚ್ 7, ಶುಕ್ರವಾರ. ಮಧ್ಯಾಹ್ನ 3

ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ. ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಇನ್ಸ್‌ಪೆಕ್ಟರ್ ಸಾಧು ಮನುಷ್ಯನ ಹಾಗೆ ಕಂಡರು. ಲೈಟು, ಹಾರ್ನು, ಬ್ರೇಕು ನೋಡಿದರು. ಆಮೇಲೆ ಗಾಡಿಯ ಅಡಿಗೆ ತೂರಿದರು. ಅಲ್ಲಿ ಕಬ್ಬಿಣದ ಚೌಕಟ್ಟಿನಲ್ಲಿ ಚಾಸಿ ನಂಬರು ಅಂತ ಒಂದನ್ನು ಕೊರೆದಿರುತ್ತಾರೆ. ತೆಳು ಕಾಗದ ಅದರ ಮೇಲಿಟ್ಟು ಪೆನ್ಸಿಲಿನಿಂದ ಉಜ್ಜಿದರೆ ಮೂಡುತ್ತದೆ. ಉಜ್ಜಿ ತಂದು ಆರ್‌ಸಿ ಪಕ್ಕ ಇಟ್ಟರು. ಮತ್ತೆ ಹೋಗಿ ಮಲಗಿದರು, ಇನ್ನೊಂದು ಕಾಗದ ಉಜ್ಜಿದರು. ಎದ್ದು ಬಂದವರು ನನ್ನನ್ನೂ ಗಾಡಿ ಓಡಿಸಿಕೊಂಡು ಬಂದ ಮಗಳನ್ನೂ ನೋಡಿದ ರೀತಿಯೇ ಬೇರೆ.

"ಅಮ್ಮಾ, ಈ ಪುಸ್ತಕದಲ್ಲಿರೋ ಗಾಡಿ ಇದಲ್ಲ."

ಪ್ಲೇಟಿನ ನಂಬರು ಸರಿ, ಅಡಿಯ ನಂಬರು ಬೇರೆ. ಕದ್ದ ಗಾಡಿಗೆ ಇನ್ನೊಂದರ ಪ್ಲೇಟು ಹಾಕಿ ಓಡಿಸುವವರು ಇರುತ್ತಾರೆ ಅಂದರು. ನಿಮ್ಮ ಯಜಮಾನರು ಏನು ಕೆಲಸ ಮಾಡುತ್ತಿದ್ದರು ಅಂತ ಕೇಳಿದರು. ನಂಬರ್ ಪ್ಲೇಟು ಬರೆಯುತ್ತಿದ್ದರು ಅಂದುಬಿಟ್ಟೆ. ಅಂದ ಮೇಲೆ ಹೊಳೆಯಿತು ಏನು ಅಂದೆ ಅಂತ. ಅವರು ಅದನ್ನೂ ಬರೆದುಕೊಂಡರು.

ವ್ಯಾನು ಕಚೇರಿಯ ಹಿಂದಿನ ಅಂಗಳದಲ್ಲೇ ನಿಂತಿತು. ಹತ್ತು ದಿನದೊಳಗೆ ಸರಿಯಾದ ವಿವರಣೆ ಬರದಿದ್ದರೆ ಪೊಲೀಸರಿಗೆ. ಬಸ್ಸಿನಲ್ಲಿ ಬಂದೆವು. ಮಗಳು ದಾರಿಯುದ್ದಕ್ಕೂ ಕಿಟಕಿ ನೋಡುತ್ತಿದ್ದಳು.

ಮಾರ್ಚ್ 8, ಶನಿವಾರ

ಮೈದುನನ ಕಿವಿಗೆ ಹೇಗೆ ಬಿತ್ತೋ. ಬೆಳಿಗ್ಗೆಯೇ ಹಾಜರು. ಸಮಾಧಾನ ಹೇಳಲು ಬಂದವರು ಹೇಳಿದ್ದು ಇಷ್ಟು — "ಅಣ್ಣ ಎಲ್ಲಿಂದ ತಂದಿದ್ನೋ ಯಾರಿಗೆ ಗೊತ್ತು ಅತ್ತಿಗೆ. ಅವನ ಹತ್ರ ಬರ್ತಿದ್ದ ಜನನೂ ಅಂಥವರೇ." ಮನೆಯಿಂದ ಏಳಿ ಅಂದೆ. ಹಾಗೇ ಅಂದೆ, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಗಾಯದ ಮೇಲೆ ಬರೆ ಎಳೆಯಲು ಒಡಹುಟ್ಟಿದವರೇ ಬೇಕು.

ಹೋದರು. ಆದರೆ ಮಾತು ಹೋಗಲಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ಸಲ ಪೊಲೀಸರು ಬಂದಿದ್ದರು. ಯಾರೋ ಕದ್ದ ಗಾಡಿಗೆ ಇವರ ಕೈಯಲ್ಲಿ ಪ್ಲೇಟು ಬರೆಸಿದ್ದನಂತೆ. ಇವರನ್ನು ಕೇಳಿ ವಿಚಾರಿಸಿ ಬಿಟ್ಟರು. 'ಬಂದವನು ನಂಬರು ಹೇಳ್ತಾನೆ, ನಾನು ಬರೀತೀನಿ, ಜಾತಕ ಕೇಳಲ್ಲ' ಅಂದಿದ್ದರು. ಆಗ ನಕ್ಕಿದ್ದೆ. ಇವತ್ತು ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ.

ಮಾರ್ಚ್ 9, ಭಾನುವಾರ

ಇಲ್ಲ. ಆ ಮನುಷ್ಯ ಕದಿಯಲಾರ. ಅಂಗಡಿಯವನು ಚಿಲ್ಲರೆ ಹೆಚ್ಚು ಕೊಟ್ಟರೆ ಬಿಸಿಲಲ್ಲಿ ವಾಪಸ್ ನಡೆದು ಹೋಗುತ್ತಿದ್ದವರು.

ಹಾಗಾದರೆ ಆ ನಂಬರು?

ಮಾರ್ಚ್ 10, ಸೋಮವಾರ. ರಾತ್ರಿ 8

ಇವರ ಟ್ರಂಕು ಸುರುವಿ ಕೂತೆವು. ಬ್ರಶ್ಶು, ಸ್ಕೇಲು, ಯಾರದೋ ಮದುವೆ ಫೋಟೋ, ಮಗಳ ಮೂರನೇ ಕ್ಲಾಸಿನ ಅಂಕಪಟ್ಟಿ. ತಳದಲ್ಲಿ ಬ್ರೆಡ್ ಕಾರ್ಖಾನೆಯವರ ಮಾರಾಟ ಪತ್ರ. ಒಂಬತ್ತು ವರ್ಷದ ಹಿಂದೆ ಕಾರ್ಖಾನೆ ತನ್ನ ಹಳೇ ವ್ಯಾನುಗಳನ್ನು ಮಾರಿದಾಗ ಕೊಂಡಿದ್ದು. ರುಜು, ಸೀಲು, ಎಲ್ಲ ಇದೆ. ಕದ್ದಿದ್ದಲ್ಲ. ಪತ್ರವನ್ನು ಕಣ್ಣಿಗೊತ್ತಿಕೊಂಡೆ.

ಮಗಳು ಕಸಿದುಕೊಂಡು ಓದಿದಳು. ಕಾರ್ಖಾನೆಯವರು ತಮ್ಮ ವ್ಯಾನುಗಳಿಗೆ ಒಂದು, ಎರಡು ಅಂತ ಸಂಖ್ಯೆ ಕೊಟ್ಟಿದ್ದರು. ಇವರಿಗೆ ಮಾರಿದ್ದು ಏಳನೇ ವ್ಯಾನು ಅಂತ ಬರೆದಿದೆ. ಹುಡುಗಿ ಬಿಳಿಚಿಕೊಂಡಳು. ನಮ್ಮ ವ್ಯಾನಿನ ಹಿಂದಿನ ಬಾಗಿಲ ಒಳಮೈಗೆ ಇವರು ಬಣ್ಣ ಬಳಿದಿರಲಿಲ್ಲ, ಕಾರ್ಖಾನೆಯ ಅಂಕಿ ಹಾಗೇ ಉಳಿದಿದೆ. ಚಿಕ್ಕವಳಿದ್ದಾಗ ಅದರ ಮೇಲೆ ಬೆರಳಾಡಿಸಿ ತಿದ್ದುತ್ತಿದ್ದಳಂತೆ.

"ಅದು ಆರು ಅಮ್ಮ. ನಮ್ಮ ವ್ಯಾನಲ್ಲಿರೋದು ಆರು."

ಅವತ್ತು ಕಾರ್ಖಾನೆಯಿಂದ ಎರಡು ವ್ಯಾನು ಬಂದಿದ್ದವು. ಇನ್ನೊಂದನ್ನು ಕೊಂಡವನು ಗೀಟು.

ಮಾರ್ಚ್ 12, ಬುಧವಾರ

ಗೀಟು ಇವರ ಪಾಲುದಾರ. ಗೋಡೆ ಮೇಲೆ ಪೆನ್ಸಿಲಿನಿಂದ ಗೀಟು ಎಳೆಯುವುದು ಅವನು, ಅಕ್ಷರ ತುಂಬುವುದು ಇವರು — ಅದಕ್ಕೇ ಆ ಹೆಸರು. ಇಪ್ಪತ್ತು ವರ್ಷ ಎರಡು ದೇಹ ಒಂದೇ ಏಣಿ. ಆಮೇಲೆ ಅವನು ಸ್ಟಿಕ್ಕರ್ ಕತ್ತರಿಸುವ ಮೆಷಿನ್ನು ತಂದ. ಮೆಷಿನ್ನಿನ ಅಕ್ಷರಕ್ಕೆ ಬೆನ್ನುಮೂಳೆ ಇಲ್ಲ ಅಂತ ಇವರು ಅಂದರು. ನಿನ್ನ ಅಕ್ಷರ ಒಣಗುವಷ್ಟರಲ್ಲಿ ನಾನು ಹತ್ತು ಬೋರ್ಡು ಮುಗಿಸುತ್ತೇನೆ ಅಂತ ಅವನು ಅಂದ. ಅಷ್ಟೇ. ಆರು ವರ್ಷ ಮಾತಿಲ್ಲ. ಇವರು ಹೋದ ದಿನ ಎದುರು ಫುಟ್‌ಪಾತಿನಲ್ಲಿ ನಿಂತಿದ್ದ, ರಸ್ತೆ ದಾಟಲಿಲ್ಲ. ಅದನ್ನು ನಾನು ಕ್ಷಮಿಸಿರಲಿಲ್ಲ.

ಆದರೆ ಗರಜು ನಮ್ಮದು. ಹೋದೆವು. ಅಂಗಡಿ ತುಂಬ ಸ್ಟಿಕ್ಕರಿನ ಸುರುಳಿ. ನನ್ನನ್ನು ಕಂಡು ಎದ್ದವನು ಕುರ್ಚಿ ಹಾಕಬೇಕೋ ಕೈ ಮುಗಿಯಬೇಕೋ ತಿಳಿಯದೆ ನಿಂತ. ಪೀಠಿಕೆ ಹಾಕದೆ ವಿಷಯ ಹೇಳಿದೆ. ಪೂರ್ತಿ ಕೇಳುವ ಮೊದಲೇ ಕಿವಿ ಮೇಲಿನ ಪೆನ್ಸಿಲು ತೆಗೆದುಕೊಂಡು ಹೊರಗೆ ಹೋದ. ತನ್ನ ವ್ಯಾನಿನಡಿ ಮಲಗಿದ. ಅರವತ್ತರ ಹತ್ತಿರದ ಮನುಷ್ಯ, ಇಸ್ತ್ರಿ ಅಂಗಿ ಹಾಕಿಕೊಂಡು, ಧೂಳಲ್ಲಿ.

ಕಾಗದ ತಂದ. ಮಗಳು ನಮ್ಮ ಆರ್‌ಸಿ ಹಿಡಿದು ಒಂದೊಂದೇ ಅಂಕಿ ಓದಿದಳು. ನಾನು ಕಾಗದದ ಮೇಲೆ ಬೆರಳು ಸರಿಸಿದೆ. ಕೊನೆಯ ಅಂಕಿಯವರೆಗೂ ಸರಿಯಾಗಿತ್ತು. ನಮ್ಮ ಪುಸ್ತಕದ ಗಾಡಿ ಒಂಬತ್ತು ವರ್ಷ ಅವನ ಮನೆ ಮುಂದೆ ನಿಂತಿತ್ತು. ಅವನದು ನಮ್ಮ ಮನೆ ಮುಂದೆ.

ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಳುವುದೋ ನಗುವುದೋ... ನಗುವೇ ಬಂತು. ಊರಿಗೆಲ್ಲ ನಂಬರು ಬರೆದವರು ತಮ್ಮ ಗಾಡಿಯ ಪ್ಲೇಟು ಅದಲುಬದಲು ಮಾಡಿಕೊಂಡಿದ್ದಾರೆ. ದೀಪದ ಬುಡ ಕತ್ತಲು ಅನ್ನುವುದು ಇದಕ್ಕೇ.

ಗೀಟು ಹೇಳಿದ. ಹೆಸರಿಗೆ ಮಾಡಿಸಿಕೊಂಡಾಗ ಎಲ್ಲ ಸರಿಯಾಗೇ ಇತ್ತು. ಮಾರನೇ ದಿನ ಬ್ರೆಡ್ಡಿನ ಚಿತ್ರ ಅಳಿಸಿ ಎರಡಕ್ಕೂ ಒಂದೇ ಡಬ್ಬದ ನೀಲಿ ಬಳಿದರು. ಪ್ಲೇಟುಗಳನ್ನು ಬಿಚ್ಚಿ, ಹೊಸದಾಗಿ ಬರೆದು ಬಿಸಿಲಿಗಿಟ್ಟರು. ಸಂಜೆ ತಿರುಪು ಹಾಕಿ, ತಂತಮ್ಮ ನಂಬರು ನೋಡಿ ಹತ್ತಿ ಹೋದರು. ವರ್ಷ ವರ್ಷ ಇನ್ಶೂರೆನ್ಸ್ ಕಟ್ಟಿದರು, ಅಡಿಗೆ ಬಗ್ಗಿ ನೋಡಿದವರು ಯಾರೂ ಇಲ್ಲ.

"ತಿರುಪು ಹಾಕಿದ್ದು ನಾನು ಅತ್ತಿಗೆ. ಅವನು ಬರೆದಿದ್ದಷ್ಟೇ. ಬರೆಯೋದ್ರಲ್ಲಿ ಅವನು ಯಾವತ್ತೂ ತಪ್ಪಿದವನಲ್ಲ."

ಹೇಳುತ್ತಾ ಪೆನ್ಸಿಲನ್ನು ಮತ್ತೆ ಕಿವಿ ಮೇಲೆ ಸಿಕ್ಕಿಸಿಕೊಂಡ. ನಿಜವೋ, ಸತ್ತವನ ತಪ್ಪನ್ನು ತನ್ನ ತಲೆ ಮೇಲೆ ಹಾಕಿಕೊಂಡನೋ, ನಾನು ಕೇಳಲಿಲ್ಲ. ರಸ್ತೆ ಯಾಕೆ ದಾಟಲಿಲ್ಲ ಅಂತಲೂ ಕೇಳಲಿಲ್ಲ. ಟೀ ತರಿಸಿದ, ಕುಡಿದೆವು.

ಮಾರ್ಚ್ 14, ಶುಕ್ರವಾರ

ಕಚೇರಿಯ ಹಿಂದಿನ ಅಂಗಳ. ಎರಡು ನೀಲಿ ವ್ಯಾನು ಅಕ್ಕಪಕ್ಕ. ಇನ್ಸ್‌ಪೆಕ್ಟರ್ ಎರಡರ ಅಡಿಗೂ ಹೋಗಿ ಬಂದರು, ಮಾರಾಟ ಪತ್ರ ನೋಡಿದರು, ಆರು ಏಳು ನೋಡಿದರು, ಗೀಟು ಬರೆದುಕೊಟ್ಟ ಹೇಳಿಕೆ ಓದಿದರು. ಆಮೇಲೆ ಆ ಗಂಭೀರ ಮನುಷ್ಯ ಟೋಪಿ ತೆಗೆದು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಕೌಂಟರಿನ ಹೆಂಗಸನ್ನೂ ಕರೆದು ತೋರಿಸಿದರು.

ಎರಡು ದಾರಿ ಅಂದರು. ಓಡಿಸುತ್ತಿದ್ದ ಗಾಡಿಯೇ ಬೇಕೆಂದರೆ ಒಬ್ಬರಿಗೊಬ್ಬರು ಮಾರಿದಂತೆ ಕಾಗದ ಮಾಡಬೇಕು, ಎರಡು ತಿಂಗಳು ಹಿಡಿಯುತ್ತದೆ. ಇಲ್ಲ, ಪ್ಲೇಟುಗಳನ್ನು ಅದರದರ ಗಾಡಿಗೆ ಹಾಕಿದರೆ ಇವತ್ತೇ ಷರಾ ಬರೆಯುತ್ತೇನೆ. ಅಂದರೆ ಇವರು ಒಂಬತ್ತು ವರ್ಷ ಓಡಿಸಿದ್ದು ಗೀಟುವಿಗೆ. ಗೀಟುವಿನದು ನಮಗೆ.

ಮಗಳು ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಸೀಟಿನ ಮೇಲೆ ಇವರ ಕೈಬಣ್ಣ, ಬಾಗಿಲ ಮೇಲೆ ಬ್ರಶ್ಶು ಒರೆಸಿದ ಗುರುತು. ನೀವು ಅದನ್ನೇ ಇಟ್ಟುಕೊಳ್ಳಿ ಅತ್ತಿಗೆ, ಕಾಗದಕ್ಕೆ ನಾನು ಎಷ್ಟು ದಿನ ಬೇಕಾದರೂ ಓಡಾಡುತ್ತೇನೆ ಅಂದ ಗೀಟು. ಮಗಳು ನನ್ನ ಕಡೆ ನೋಡಿದಳು.

"ಬೇಡ," ಅಂದೆ. "ಇವಳಿಗೆ ಮೂವತ್ತೊಂದಕ್ಕೆ ಕೆಲಸ ಇದೆ."

ಇಳಿದು ಬಂದಳು. ಸ್ಪ್ಯಾನರ್ ಇಸಿದುಕೊಂಡು ತಾನೇ ಪ್ಲೇಟು ಬಿಚ್ಚಿದಳು. ಈ ಸಲ ಹಾಕುವಾಗ ನಾಲ್ಕು ಜನ ನಿಂತು ನೋಡಿದೆವು.

ಇಲ್ಲಿ ಯಾರು ಓದುತ್ತಾರೆ, ಬರೆದೇ ಬಿಡುತ್ತೇನೆ. ಹಾಯೆನಿಸಿತು. ನಾಲ್ಕು ತಿಂಗಳಿಂದ ಆ ಬಾಗಿಲು ತೆರೆದಾಗಲೆಲ್ಲ ಟರ್ಪೆಂಟೈನ್ ವಾಸನೆಗೆ ಉಸಿರು ಕಟ್ಟುತ್ತಿತ್ತು. ಮಾರಲು ಮನಸ್ಸಿಲ್ಲ, ಹತ್ತಿ ಕೂರಲು ಧೈರ್ಯವಿಲ್ಲ. ಈಗ ಅದು ಇವರ ಗೆಳೆಯನ ಹತ್ತಿರ ಹೋಯಿತು. ಅಲ್ಲಿಗೇ ಸರಿ. ಗೀಟು ಅದರಲ್ಲಿ ಹತ್ತಿ ಕೂತವನು ತುಂಬ ಹೊತ್ತು ಕೀಲಿ ತಿರುಗಿಸಲೇ ಇಲ್ಲ. ನಾವು ಮೊದಲು ಹೊರಟೆವು.

ಮಾರ್ಚ್ 29, ಶನಿವಾರ

ಬಂತು. ಹೊಸ ಆರ್‌ಸಿ. ಮಾಲೀಕರ ಜಾಗದಲ್ಲಿ ನನ್ನ ಹೆಸರು. ಜನ್ಮದಲ್ಲಿ ಒಂದು ಸೈಕಲ್ಲೂ ಓಡಿಸಿದವಳಲ್ಲ, ಈಗ ವ್ಯಾನಿನ ಒಡತಿ. ಅಂಗಡಿಯ ಯಜಮಾನನಿಗೆ ತೋರಿಸಿದೆ. ಇನ್ನು ರಜೆ ಕೇಳುವುದಿಲ್ಲವಲ್ಲ ಅಂದ. ಸೋಮವಾರ ಒಂದು ಬೇಕು ಅಂದೆ.

ಮೈದುನ ಫೋನು ಮಾಡಿದ್ದರು. ಅಣ್ಣ ಅಂಥವನಲ್ಲ ಅಂತ ತನಗೆ ಮೊದಲೇ ಗೊತ್ತಿತ್ತಂತೆ. ಹೌದಾ ಅಂದೆ. ಜಗಳಕ್ಕೆ ಮನಸ್ಸೇ ಬರಲಿಲ್ಲ, ಅಷ್ಟು ನಿರಾಳ.

ಮಾರ್ಚ್ 31, ಸೋಮವಾರ. ಬೆಳಿಗ್ಗೆ 7

ಏಣಿ ಕಟ್ಟಿ ಆಯಿತು. ಮೊದಲ ದಿನ ಹಿಡಿದುಕೊಳ್ಳಲು ನಾನೂ ಹೋಗುತ್ತಿದ್ದೇನೆ. ಮಧ್ಯಾಹ್ನ ಗೀಟು ಬಂದು ಗೋಡೆಗೆ ಗೀಟು ಎಳೆದುಕೊಡುತ್ತಾನಂತೆ. ಯಾರೂ ಕರೆದಿರಲಿಲ್ಲ, ತಾನೇ ಹೇಳಿದ.

ಆರ್‌ಸಿ ಜೊತೆ ಇನ್ಸ್‌ಪೆಕ್ಟರ್ ಷರಾದ ಒಂದು ಪ್ರತಿಯೂ ಬಂದಿತ್ತು. ಈಗ ಓದಿದೆ. ಎರಡೇ ಸಾಲು. 'ಪ್ಲೇಟುಗಳು ಕಣ್ತಪ್ಪಿನಿಂದ ಬದಲಾಗಿವೆ. ಮೃತ ಮಾಲೀಕರ ಮೇಲೆ ಯಾವ ದೋಷವೂ ಇಲ್ಲ.' ಕೆಳಗೆ ಸೀಲು. ಮೂರು ಸಲ ಓದಿದೆ. ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಮಗಳಿಗೆ ಕೇಳಿಸದ ಹಾಗೆ ಅತ್ತುಬಿಟ್ಟೆ.

ಸರ್ಕಾರದವರು ಎರಡು ಪೆನ್ಸಿಲು ಕಾಗದ ನೋಡಿ ಇದನ್ನು ಬರೆದರು. ನಾನು ಇಪ್ಪತ್ತೆಂಟು ವರ್ಷ ಜೊತೆಗಿದ್ದವಳು. ಆ ಶನಿವಾರ, ಭಾನುವಾರ — ಎರಡು ದಿನ ನಿಮ್ಮನ್ನು ಕಳ್ಳ ಅಂದುಕೊಂಡಿದ್ದೆ. ಬಾಯಲ್ಲಿ ಅಲ್ಲ ಅಂದೆ, ಒಳಗೆ ಅಂದುಕೊಂಡೆ. ಯಾರಿಗೂ ಹೇಳಿಲ್ಲ. ತಪ್ಪಾಯಿತು ರೀ. ನೀವಿದ್ದಿದ್ದರೆ ಇದನ್ನು ಕೇಳಿ ಜೋರಾಗಿ ನಕ್ಕು, ಒಂದು ವಾರ ಛೇಡಿಸಿ, ಆಮೇಲೆ

ಹಾರ್ನು ಹೊಡೆಯುತ್ತಿದ್ದಾಳೆ. ಹೊತ್ತಾಯಿತು. ಉಳಿದಿದ್ದು ಸಂಜೆ ಬಂದು