ಅವ್ವನ ಆಪರೇಷನ್

ಜುಲೈ 8, ಸೋಮವಾರ. ಬೆಳಿಗ್ಗೆ 6.40
ಮಾತ್ರೆ ನುಂಗಿದೆ. ಶುರುಮಾಡಿ ಇದು ನಾಲ್ಕನೇ ತಿಂಗಳು. ಮುಟ್ಟಿನ ನೋವು ಒಂದು ಚೂರೂ ತಗ್ಗಿಲ್ಲ. ಮೆಡಿಕಲ್ ಸ್ಟೋರಿನವನು ಡೇಟ್ ಮುಗಿದದ್ದು ಕೊಡುತ್ತಿದ್ದಾನೋ ಏನೋ. ಸ್ಟ್ರಿಪ್ಪಿನ ಫೋಟೋ ತೆಗೆದಿಟ್ಟುಕೊಂಡೆ.

ಜುಲೈ 11
ಚಾಮರಾಜನಗರದ ಡಾಕ್ಟರಿಗೆ ತೋರಿಸಿದೆ. ಮಾತ್ರೆ ಸರಿಯಾದದ್ದೇ ಅಂದರು. ನನ್ನ ಹಾಗೆ ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಕಾಯಿಲೆ, ಇದ್ದ ಕೆಲವರಲ್ಲಿ ಹಾರ್ಮೋನ್ ಮಾತ್ರೆ ನಾಟುವುದಿಲ್ಲವಂತೆ. ಆ ಹಾರ್ಮೋನಿಗೆ ಸ್ಪಂದಿಸಬೇಕಾದ ಜೀನ್ ಕೆಟ್ಟಿರುವುದಿಲ್ಲ, ಅದರ ಮೇಲೆ ಗುರುತು ಬಿದ್ದು ಕೆಲಸ ನಿಲ್ಲಿಸಿರುತ್ತದೆ. ಎಪಿಜೆನೆಟಿಕ್ಸ್... ಚೀಟಿಯಲ್ಲಿ ಬರೆಸಿಕೊಂಡೆ. ಗುರುತು ಯಾಕೆ ಬೀಳುತ್ತೆ ಅಂದೆ. ಊತ, ಹಾರ್ಮೋನ್, ಬಹುಶಃ ರಾಸಾಯನಿಕವೂ ಇರಬಹುದು, ಇನ್ನೂ ಖಚಿತವಿಲ್ಲ ಅಂದರು. ಮನೆತನದಲ್ಲೂ ಬರುತ್ತದಂತೆ. ತಾಯಿಗೆ ಇತ್ತಾ ಅಂತ ಕೇಳಿದರು.
ಗುಂಡ್ಲುಪೇಟೆಗೆ ಫೋನ್ ಮಾಡಿದೆ. ಕೇಳಿ ಮುಗಿಸುವ ಮೊದಲೇ ಅವ್ವ ಇಲ್ಲ ಅಂದಳು. ಏನೋ ಮುಚ್ಚಿಡುತ್ತಿದ್ದಾಳೆ.

ಜುಲೈ 15
ಎಂಟನೇ ಕ್ಲಾಸಿನಲ್ಲಿ ಮೈನೆರೆದೆ. ಅವ್ವನಿಗೆ ಆಗ ಮೂವತ್ತೆರಡು. ಮನೆಗೆ ತಿಂಗಳಿಗೆ ಒಂದೇ ಪ್ಯಾಡ್ ಪ್ಯಾಕೆಟ್ ಬರುತ್ತಿತ್ತು — ನನಗೆ. ಮುಟ್ಟಾದರೆ ಜಗುಲಿಯಲ್ಲಿ ಕೂರಬೇಕು. ಸೋದರತ್ತೆ ಕೂರುತ್ತಿದ್ದಳು, ನಾನು ಕೂತೆ. ಅವ್ವ ಕೂತದ್ದು ನೆನಪೇ ಇಲ್ಲ. ಶ್ರಾವಣ ಶನಿವಾರ ಒಂದೂ ತಪ್ಪದೆ ಗೋಪಾಲಸ್ವಾಮಿ ಬೆಟ್ಟ ಹತ್ತುತ್ತಿದ್ದಳು.
ತಂಗಿ ಬಿಂದುಶ್ರೀ ಹುಟ್ಟಿದ ಮೇಲೆ ಮೈಸೂರಿನಲ್ಲಿ ಆಪರೇಷನ್ ಆಗಿತ್ತು. ಮಕ್ಕಳು ಸಾಕು ಅಂತ ಮಾಡಿಸಿದ್ದು ಅಂದಿದ್ದರು. ಅದಕ್ಕೆ ಹೊಟ್ಟೆಯ ಮೇಲೆ ಅಷ್ಟುದ್ದ ಗಾಯವೇ? ನಾನೆಂಥ ದಡ್ಡಿ.

ಜುಲೈ 21, ಭಾನುವಾರ
ಊರಿಗೆ ಹೋಗಿದ್ದೆ. ಅವ್ವ ಹೊಲದಲ್ಲಿ ಚೆಂಡುಹೂವು ಕೀಳುತ್ತಿದ್ದಳು. ಬದುವಿನಲ್ಲಿ ಔಷಧಿ ಹೊಡೆಯುವ ಕ್ಯಾನು. ಬಸುರಿಯಾಗಿದ್ದಾಗಲೂ ಇಲ್ಲೇ ದುಡಿದವಳು. ಆ ಔಷಧಿಯ ಮೇಲೂ ಅನುಮಾನ, ಪುರಾವೆಯಿಲ್ಲ. ಆಪರೇಷನ್ ಯಾವುದು ಅಂತ ನೇರವಾಗಿ ಕೇಳಿಬಿಟ್ಟೆ. ಹೂವಿನ ಮಂಕರಿ ಕೆಳಗಿಟ್ಟಳು.
"ಊಂ ಕಣಮ್ಮಿ. ನೋವು ತಡೀನಾರ್ದೆ ಗರ್ಭಕೋಶನೇ ತೆಗೆಸ್ಬುಟ್ಟೆ. ಯಾರ್ಗೂ ಏಳ್ಬೇಡ, ಎಣ್ಮಕ್ಕಳಿಗೆ ಗಂಡು ಸಿಕ್ಕಕಿಲ್ಲ ಅಂದ್ರು ನಿಮ್ಮಜ್ಜಿ."
ಮೈಯೆಲ್ಲ ಉರಿದುಹೋಯಿತು. ಎಂಟು ವರ್ಷ ಈ ನೋವಿಗೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದವಳು ನಾನು. ಬಿಂದುಗೂ ತಿಂಗಳಿಗೆ ಎರಡು ದಿನ ಕಾಲೇಜು ತಪ್ಪುತ್ತಿದೆ. ಈಗಲೇ ತೋರಿಸೋಣ ಅಂದೆ. ಆಗಸ್ಟ್ ನಾಲ್ಕು, ಭಾನುವಾರ ಅವಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರಂತೆ.
"ಮದ್ವೆ ಆಗೋಗ್ಲಿ ಬುಡು, ಆಮೇಲೆ ನೋಡನ."

ಆಗಸ್ಟ್ 2, ಶುಕ್ರವಾರ
ಬಟ್ಟೆ ಕೊಡಿಸುತ್ತೇನೆ ಅಂತ ಅವ್ವನಿಗೆ ಹೇಳಿ ಬಿಂದುವನ್ನು ಕರೆತಂದೆ. ನಮ್ಮನೆಯವರು ಬದನಗುಪ್ಪೆ ಫ್ಯಾಕ್ಟರಿಗೆ ರಜೆ ಹಾಕಿ ಜೊತೆಗೆ ಬಂದರು. ನೋವು ಯಾವಾಗಿನಿಂದ ಅಂತ ಡಾಕ್ಟರ್ ಕೇಳಿದರು. ಬಿಂದು ಭಾವನ ಮುಖ ನೋಡಿ, ಎರಡು ತಿಂಗಳಿಂದ ಅಂದಳು. ಸುಳ್ಳು. ಹತ್ತನೇ ಕ್ಲಾಸಿನಲ್ಲೇ ಒದ್ದಾಡುವುದನ್ನು ನೋಡಿದ್ದೇನೆ. ತಡೆಯಲಾಗಲಿಲ್ಲ.
"ನಾಲ್ಕು ವರ್ಷ ಆಯ್ತು ಡಾಕ್ಟ್ರೇ. ಅವ್ವಂಗೂ ಇತ್ತು. ನಂಗೂ ಹತ್ತನೇ ಕ್ಲಾಸಲ್ಲೇ ಶುರುವಾಗಿದ್ದು."
ನಮ್ಮನೆಯವರು ನನ್ನ ಕಡೆ ತಿರುಗಿದರು. ನನ್ನನ್ನು ಹೆಣ್ಣು ನೋಡಲು ಬಂದ ದಿನ ಅವರ ತಾಯಿ ಕೇಳಿದ್ದರು, ತಿಂಗಳದ್ದೆಲ್ಲ ಸರಿಯಿದೆಯಾ ಅಂತ. ಸರಿಯಿದೆ ಅಂದದ್ದು ಅವ್ವ ಅಲ್ಲ. ನಾನು.

ಸಂಜೆ 6
ನಾಳೆ ಬಿಂದುಗೆ ಸ್ಕ್ಯಾನ್. ಮನೆಗೆ ಬಂದು ಅವರು ಒಂದೇ ಕೇಳಿದರು, "ಮದ್ವೆಗೆ ಮುಂಚೆನೇ ಗೊತ್ತಿತ್ತಾ ನಿಂಗೆ?" ಬಂದೆ ಅಂತ ಒಳಗೆ ಬಂದು ಕೂತಿದ್ದೇನೆ. ಹೆದರಿಕೆಯಾಗುತ್ತಿದೆ. ಆಗ ಮಾಮೂಲಿ ಹೊಟ್ಟೆನೋವು ಅಂದುಕೊಂಡಿದ್ದೆ ಅನ್ನಬಹುದು. ನಂಬುತ್ತಾರೆ. ಆದರೆ ಅದು ತಿಂಗಳ ನೋವು ಅಂತ ನನಗೆ ಆಗಲೂ ಗೊತ್ತಿತ್ತು. ಬಿಂದು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಾಳೆ. ನಾನು ಏನು ಹೇಳುತ್ತೇನೋ ಭಾನುವಾರ ಗಂಡಿನ ಕಡೆಯವರಿಗೆ ಅವಳೂ ಅದನ್ನೇ...