ಬಂದರೆ ಏಳೂ ಜನ

ತಾರೀಕು ಹದಿನಾಲ್ಕು, ಗುರುವಾರ ಮಧ್ಯಾಹ್ನ

ನನ್ನ ಕಂದನಿಗೆ,

ದೇವರು ನಿನ್ನ ಕಾಲಿಗೂ ಮನಸ್ಸಿಗೂ ಬಲ ಕೊಟ್ಟಿರಲಿ. ಇಲ್ಲಿ ನಾನು ಗಟ್ಟಿಯಾಗಿದ್ದೇನೆ. ನಿನ್ನ ಮಾತಿಗೆ ಉತ್ತರ ಕೊಡುವುದು ನಾಲ್ಕು ದಿನ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನ್ ಮಾಡೋಣವೆಂದರೆ ಪ್ರತಿ ಸಲವೂ ನಿನ್ನ ಏಜೆಂಟರೇ ಎತ್ತಿ, "ಏನು ವಿಷಯ ಹೇಳಿ, ತಲುಪಿಸ್ತೀನಿ" ಅನ್ನುತ್ತಾರೆ. ತಾಯಿ ಮಗನಿಗೆ ಆಡುವ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕಳಿಸುವುದು ನನ್ನಿಂದಾಗದು. ದೇಶದ ತಂಡದ ಶಿಬಿರದ ವಿಳಾಸವನ್ನು ಮೈದಾನದ ಹುಲ್ಲು ನೋಡಿಕೊಳ್ಳುವವರು ಬರೆದುಕೊಟ್ಟರು. ನಾನು ಊರ ಶಾಲೆಯನ್ನು ಏಳನೆಯ ತರಗತಿಗೆ ಬಿಟ್ಟವಳು. ತಪ್ಪಿದ್ದರೆ ತಿದ್ದಿಕೊಂಡು ಓದು.

ನೀನು ಶಿಬಿರಕ್ಕೆ ಹೋದ ಮೇಲೆ ಇಲ್ಲಿ ಆದದ್ದನ್ನು ಹೇಳುತ್ತೇನೆ. ಕ್ಲಬ್ಬಿನವರು ನಿನ್ನನ್ನು ತಂಡಕ್ಕೆ ಕೊಂಡುಕೊಂಡು ಇನ್ನೂ ಒಂದು ತಿಂಗಳಾಗಿರಲಿಲ್ಲ. ಮ್ಯಾನೇಜರು ಆಟಗಾರರ ಬಟ್ಟೆ ಒಗೆಯುವ ನಮ್ಮ ಕೋಣೆಗೆ ಬಂದು ಏಳೂ ಹೆಂಗಸರನ್ನು ಸಾಲಾಗಿ ನಿಲ್ಲಿಸಿ, "ಆಟಗಾರರ ಸಂಬಳ ಆಕಾಶಕ್ಕೆ ಹೋಗಿದೆ ಅಮ್ಮಾ. ಎಲ್ಲೋ ಒಂದು ಕಡೆ ಕೈ ಬಿಗಿ ಹಿಡೀಬೇಕು. ನಾಳೆಯಿಂದ ಬಟ್ಟೆ ಹೊರಗಡೆ ಕಾರ್ಖಾನೆಗೆ ಹೋಗುತ್ತೆ" ಎಂದರು.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳಾದ ದೊಡ್ಡಕ್ಕ ಸೋಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೇಳಿದಳು: "ಅಲ್ಲ ಸ್ವಾಮಿ, ಆಕಾಶಕ್ಕೆ ಹೋದದ್ದನ್ನ ಕೆಳಗಿಳಿಸೋಕೆ ನಮ್ಮ ಹೊಟ್ಟೆ ಯಾಕೆ ಎಳೀತೀರಿ?"

ಮ್ಯಾನೇಜರು ನನ್ನ ಕಡೆ ತಿರುಗಿ, "ನಿಮಗೇನಮ್ಮ ಕಡಿಮೆ? ಬಾಣನ ತಾಯಿ ನೀವು" ಎಂದರು. ಜನ ಕೂಗುವ ನಿನ್ನ ಆ ಹೆಸರು ಅವತ್ತು ನನ್ನ ಬೆನ್ನಿಗೇ ಬಂದು ನಾಟಿತು. ಆರು ಜನವೂ ನನ್ನನ್ನೇ ನೋಡುತ್ತಿದ್ದರು.

ನಿನ್ನ ಸಂಬಳದ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ ಕಂದ. ಮೂವತ್ತೈದು ದಾಟಿದರೆ ಯಾರೂ ನಿನ್ನನ್ನು ಕರೆಯುವುದಿಲ್ಲ, ಮೊಣಕಾಲು ಹೋದರೆ ನಾಳೆಯೇ ಕರೆಯುವುದಿಲ್ಲ. ನಿನ್ನ ಆಟ ನೋಡಲು ಜನ ದುಡ್ಡು ಕೊಟ್ಟು ಬರುತ್ತಾರೆ. ಅದರಲ್ಲಿ ನಿನ್ನ ಪಾಲು ನೀನು ತೆಗೆದುಕೋ, ಇನ್ನೂ ಹೆಚ್ಚು ಕೊಟ್ಟರೆ ಅದನ್ನೂ ತೆಗೆದುಕೋ. ಆದರೆ ನಿನಗೆ ಕೊಡುವುದಕ್ಕೆ ನಮ್ಮಿಂದ ಉಳಿಸಿದೆವು ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ದೊಡ್ಡಕ್ಕ ಇಸ್ತ್ರಿ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದಳು. ಆಟದ ನಡುವೆ ನೀನು ನೀರು ಕುಡಿದು ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ನಮ್ಮ ಏಳು ಜನರ ತಿಂಗಳ ಸಂಬಳದಷ್ಟು ನಿನಗೆ ಬಂದುಬಿಡುತ್ತದಂತೆ. "ನಿನ್ನ ಮಗನಿಗೆ ಒಂದು ಗುಟುಕು ಕಡಿಮೆ ಕುಡಿಯೋಕೆ ಹೇಳೇ" ಎಂದು ನಗಿಸಿದಳು. ನಕ್ಕೆವು, ಆಮೇಲೆ ಕೋಣೆಗೆ ಬೀಗ ಹಾಕಿ ಕೀಲಿ ಕೊಟ್ಟು ಬಂದೆವು.

ಹದಿನೈದು ದಿನ ಕಳೆಯಿತು. ಈಗ ಕ್ಲಬ್ಬಿನ ಪಾಡು ಕೇಳು. ಕಾರ್ಖಾನೆಯವರು ಬಟ್ಟೆಯನ್ನು ಹಾಲಿನ ಹಾಗೆ ಒಗೆದು, ಮಡಿಚಿ, ನಾಲ್ಕು ಮೂಟೆ ಕಟ್ಟಿ ಕಳಿಸಿದರು. ಯಾವುದು ಯಾರದು ಎಂದು ಒಬ್ಬರಿಗೂ ಗೊತ್ತಿಲ್ಲ. ಅಭ್ಯಾಸದ ಬಟ್ಟೆಗೆ ನಂಬರಿಲ್ಲ, ಎಲ್ಲವೂ ಒಂದೇ ಬಣ್ಣ. ಇಪ್ಪತ್ತೆರಡು ವರ್ಷ ಅದನ್ನು ಕೈಯಲ್ಲೇ ಗುರುತು ಹಿಡಿದವರು ನಾವು. ನಾಯಕ ಚಡ್ಡಿಯ ದಾರಕ್ಕೆ ಮೂರು ಗಂಟು ಹಾಕುತ್ತಾನೆ. ಗೋಲು ಕಾಯುವ ಗೋಲಿ ಬಲಗಡೆ ಬಿದ್ದು ಬಿದ್ದು ಅವನ ಬಲತೋಳಿನ ಬಟ್ಟೆ ಸವೆದಿರುತ್ತದೆ. ಎಡಗಡೆ ಆಡುವ ಆ ಕುಳ್ಳ ಯೋಚನೆ ಬಂದಾಗಲೆಲ್ಲ ಕಾಲರ್ ಕಚ್ಚುತ್ತಾನೆ. ಇದನ್ನೆಲ್ಲ ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

ಗೋಲಿಗೆ ಕುಳ್ಳನ ಚಡ್ಡಿ ಸಿಕ್ಕಿತಂತೆ, ಕೆಮ್ಮಲೂ ಹೆದರುತ್ತಿದ್ದನಂತೆ. ಕುಳ್ಳ ಗೋಲಿಯ ಚಡ್ಡಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಓಡಿದನಂತೆ. ಇನ್ಯಾರದೋ ಕಾಲುಚೀಲ ಹಾಕಿಕೊಂಡು ಇಬ್ಬರಿಗೆ ಕಜ್ಜಿಯಾಗಿದೆ. ಹೊಸದು ತಂದುಕೊಟ್ಟರೆ ನಾಯಕ ಮುಟ್ಟುವುದಿಲ್ಲ. ಗೆದ್ದ ದಿನ ತೊಟ್ಟಿದ್ದೇ ಬೇಕಂತೆ ಅವನಿಗೆ. ಅವನಂತೆಯೇ ಇನ್ನೂ ಹತ್ತು ಜನ.

ಭಾನುವಾರ ನಾನು ದೇವರಿಗೆ ದೀಪ ಹಚ್ಚಿ ಏಳುವಷ್ಟರಲ್ಲಿ ಮ್ಯಾನೇಜರು ಬಾಗಿಲಲ್ಲಿ ನಿಂತಿದ್ದರು. ಒಳಗೆ ಕರೆದು ಕೂರಿಸಿ ನೀರು ಕೊಟ್ಟೆ.

"ನೀವೊಬ್ರೇ ಬಂದ್ರೆ ಸಾಕಮ್ಮ. ಯಾವುದು ಯಾರದು ಅಂತ ತೋರಿಸಿ, ನಂಬರ್ ಬರೆದುಕೊಳ್ತೀವಿ. ಒಂದು ದಿನದ ಕೆಲಸ."

"ಬಂದರೆ ಏಳೂ ಜನ ಬರ್ತೀವಿ, ಒಂದು ದಿನಕ್ಕಲ್ಲ. ಕೆಲಸ ವಾಪಸ್ ಕೊಟ್ಟಿದೀವಿ ಅಂತ ಕಾಗದದಲ್ಲಿ ಬರೆದು ಕೊಡಿ."

"ಚಡ್ಡಿ ಗುರುತು ಹಿಡಿಯೋಕೆ ಒಪ್ಪಂದ ಪತ್ರ ಬೇಕಾ ನಿಮಗೆ?"

"ಚೆಂಡು ಒದೆಯೋಕೆ ಬೇಕಾಗುತ್ತಲ್ಲ ಸ್ವಾಮಿ."

ಅವರು ನೀರು ಮುಟ್ಟದೆ ಎದ್ದುಹೋದರು. ಸಂಜೆಗೆ ನಿನ್ನ ಏಜೆಂಟರ ಫೋನ್ ಬಂತು. ನೀನು ಹೇಳಿದೆಯಂತೆ: "ಅಮ್ಮ ಹಟ ಬಿಟ್ಟು ಹೋಗಿ ಬರಲಿ. ಆ ಆರು ಜನಕ್ಕೂ ಒಂದೊಂದು ವರ್ಷದ ಸಂಬಳ ನಾನೇ ಕೊಡ್ತೀನಿ. ನನ್ನ ಮರ್ಯಾದೆ ತೆಗೀಬಾರದು." ಇದು ನಿನ್ನ ಮಾತೇ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ.

ಆರು ಜನರನ್ನೂ ಕೂರಿಸಿಕೊಂಡು, ಮುಚ್ಚುಮರೆ ಇಲ್ಲದೆ ಅದನ್ನು ಹೇಳಿದೆ. ದುಡ್ಡು ಬೇಕೆನ್ನುವವರು ತೆಗೆದುಕೊಳ್ಳಿ, ನನ್ನ ಮುಖ ನೋಡಬೇಡಿ ಎಂದೂ ಹೇಳಿದೆ. ಒಬ್ಬಳ ಗಂಡ ಹಾಸಿಗೆ ಹಿಡಿದಿದ್ದಾನೆ. ಅವಳು ಬೆರಳು ಮಡಿಚಿ ತಿಂಗಳು ಎಣಿಸಿದಳು. ಕಡೆಗೆ, "ವರ್ಷ ಆದ ಮೇಲೆ ಏನಕ್ಕಾ?" ಎಂದಳು. ದೊಡ್ಡಕ್ಕನಿಗೆ ಅರವತ್ತೆರಡು. ಅವಳು ಎದ್ದು ನಿಂತು, "ನಿನ್ನ ಮಗ ಒಳ್ಳೆಯವನೇ. ಆದರೆ ದಾನಕ್ಕೆ ಕೈ ಚಾಚೋ ವಯಸ್ಸು ನನಗಿನ್ನೂ ಬಂದಿಲ್ಲ ಅಂತ ಬರೀ" ಎಂದಳು. ಅದಕ್ಕೇ ಬರೆದಿದ್ದೇನೆ. ಉಳಿದವರ ಮಾತೂ ಅದೇ.

ನನ್ನ ಉತ್ತರವೂ ಅದೇ. ನಾನು ಹೋಗುವುದಿಲ್ಲ. ದೊಡ್ಡ ಪಂದ್ಯಕ್ಕೆ ಇನ್ನು ಒಂಬತ್ತು ದಿನವಿದೆ. ಕ್ಲಬ್ಬಿನವರು ಕಾಗದ ಕೊಟ್ಟ ಗಂಟೆಗೆ ಏಳೂ ಜನ ಹೋಗಿ, ಮೂಟೆ ಬಿಚ್ಚಿ, ಅರ್ಧ ಗಂಟೆಯಲ್ಲಿ ಎಲ್ಲರ ಬಟ್ಟೆ ಅವರವರ ಗೂಡಿಗೆ ಇಡುತ್ತೇವೆ. ಕೊಡದಿದ್ದರೆ ಗೋಲಿ ಕೆಮ್ಮದೆಯೇ ಆಡಲಿ. ಇದರಿಂದ ನಿನ್ನ ಮರ್ಯಾದೆ ಹೋಗುವುದಾದರೆ, ಅದು ನಾನು ಒಗೆದು ಬೆಳೆಸಿದ ಮರ್ಯಾದೆಯಲ್ಲ, ಬೇರೆ ಯಾವುದೋ ಇರಬೇಕು.

ಬಟ್ಟೆ ಮಡಿಚುವಾಗ ಒಬ್ಬೊಬ್ಬ ಆಟಗಾರನಿಗೂ ದೇವರಲ್ಲಿ ಒಂದು ಮಾತು ಕೇಳಿಕೊಳ್ಳುವ ಅಭ್ಯಾಸ ನನ್ನದು. ಈಗ ಬಟ್ಟೆ ಕೈಯಲ್ಲಿಲ್ಲ, ಆದರೂ ಬೆಳಗ್ಗೆ ಎಲ್ಲರಿಗೂ ಕೇಳಿಕೊಳ್ಳುತ್ತೇನೆ. ನಿನಗೆ ಎರಡು ಸಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ಕಾಲಿಗೆ ಎಣ್ಣೆ ಹಚ್ಚಿಕೋ. ನೀನು ಓಡಿದ ಕಡೆಯೆಲ್ಲ ದೇವರ ಕಣ್ಣು ನಿನ್ನ ಮೇಲಿರಲಿ.

ನಿನ್ನ
ಅಮ್ಮ

ಮರೆತೆ ಎಂದುಕೊಳ್ಳಬೇಡ, ಬರೆಯಲೋ ಬೇಡವೋ ಎಂದು ಕೈ ತಡೆದಿತ್ತು: ಭಾನುವಾರ ಮ್ಯಾನೇಜರು ಹೊಸಿಲು ದಾಟುವಾಗ ಸಿಟ್ಟಿನಲ್ಲಿ ಒಂದು ಮಾತು ಆಡಿಹೋದರು. "ಸಂಬಳ ಉಳಿಸೋಕೆ ಅಂತ ಹೇಳಿದ್ದು ನಿಮ್ಮ ಮನಸ್ಸು ನೋಯಬಾರದು ಅಂತ. ಸಹಿ ಹಾಕೋ ಮುಂಚೆ ನಿಮ್ಮ ಮಗನೇ ಕೇಳಿದ್ದು, ಅಮ್ಮ ಆ ಕೋಣೇಲಿ ಕೆಲಸಕ್ಕೆ ಇರಬಾರದು ಅಂತ. ನಿಮ್ಮೊಬ್ಬರನ್ನೇ ತೆಗೆದರೆ ಪೇಪರಿನವರು ಬಿಡ್ತಾರಾ? ಅದಕ್ಕೇ ಎಲ್ಲರನ್ನೂ ತೆಗೆದೆವು." ಇದನ್ನು ಆ ಆರು ಜನಕ್ಕೆ ನಾನು ಹೇಳಿಲ್ಲ. ನೀನು ಬಂದ ಮೇಲೆ ನೀನೇ ಹೇಳಬೇಕು, ನಿಂತು, ಅವರ ಮುಖ ನೋಡಿ. ನೀನು ತಂಡಕ್ಕೆ ಬಂದ ಮೊದಲ ದಿನ ಜೊತೆಯವರೊಡನೆ ನಮ್ಮ ಕಿಟಕಿಯ ಮುಂದೆ ಹಾದುಹೋದೆ. ನಾನು ಒದ್ದೆ ಕೈಯನ್ನೇ ಎತ್ತಿದೆ. ನೀನು ಈ ಕಡೆ ತಿರುಗಿದವನು, ಬಗ್ಗಿ, ಬೂಟಿನ ದಾರ ಕಟ್ಟಿಕೊಳ್ಳುವವನ ಹಾಗೆ ಕಾಲಿಗೆ ಕೈ ಹಾಕಿದೆ. ನೋಡಲಿಲ್ಲವೇನೋ ಪಾಪ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡು ಬಂದೆ. ಅವತ್ತು ನಿನ್ನ ಕಾಲಲ್ಲಿದ್ದದ್ದು ಚಪ್ಪಲಿ, ಕಂದ.