ದೇವರಮನೆ ಗುಡ್ಡದ ಕಡೆಯಿಂದ ಬಂದ ದನಿ

ಮೂಡಿಗೆರೆ,
ಮಾರ್ಚ್ 12, 2025

ಅಭಿರಾಮ ಅವರಿಗೆ,

ವಂದನಾ ಮಾಡುವ ನಮಸ್ಕಾರ. ನಾವು ಬೇರೆಯಾಗಿ ಎರಡು ವರ್ಷದ ಮೇಲಾಯಿತು. ಗಂಡನಿಗೆ ಪತ್ರ ಹೇಗೆ ಶುರುಮಾಡಬೇಕೆಂಬುದೇ ಮರೆತುಹೋಗಿದೆ. ಫೋನಿನಲ್ಲಿ ಹೇಳೋಣವೆಂದರೆ ಮಾತು ಕೆಲಸದ ಕಡೆಗೇ ಜಾರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಸೋಮವಾರ ಸಂಜೆ ನಿಮ್ಮ ಫೋನ್ ಬಂದಾಗ ಕಾಲೇಜಿನ ತಾರಸಿಯಲ್ಲಿದ್ದೆ. ನೀವು ಕ್ಷೇಮವನ್ನೂ ಕೇಳಲಿಲ್ಲ. ನಮ್ಮ ಕಂಪನಿಯ ಪುಟ್ಟ ಉಪಗ್ರಹ ರಾಕೆಟ್ಟಿನಿಂದ ಹೊರಬಿದ್ದ ಮೇಲೆ ಒಮ್ಮೆಯೂ ದನಿ ಮಾಡಿಲ್ಲ, ನಿನ್ನ ವಿದ್ಯಾರ್ಥಿಗಳ ಆಂಟೆನಾದಲ್ಲಿ ಕೇಳಿಸುತ್ತದಾ ನೋಡು ಎಂದಿರಿ. ಸೌರಫಲಕ ಬಿಚ್ಚುವ ಆದೇಶ ತಲುಪದಿದ್ದರೆ ಅದರ ಬ್ಯಾಟರಿ ಮರುದಿನ ಮಧ್ಯಾಹ್ನ ದಾಟುವುದಿಲ್ಲ ಎಂದಿರಿ. ಕೆಲಸವಿದ್ದಾಗಷ್ಟೇ ನನ್ನ ನೆನಪು ಎಂದು ಸಿಟ್ಟು ಬಂತು. ಆದರೂ ನೀವು ಕಳಿಸಿದ ಅಂಕಿಗಳಂತೆ ಆಂಟೆನಾ ತಿರುಗಿಸಿದೆವು. ಏನೂ ಕೇಳಲಿಲ್ಲ.

ಆಗ ನನ್ನ ವಿದ್ಯಾರ್ಥಿನಿ ಅಲ್ಫಿಯಾ, "ಮಿಸ್, ರಾಕೆಟ್‌ನವ್ರು ಅದನ್ನ ಬಿಟ್ಟಿದ್ದು ಎಲ್ಲಂತೆ?" ಎಂದಳು. ನಿಮ್ಮನ್ನು ಕೇಳಿದೆ. ಶ್ರೀಲಂಕಾದ ದಕ್ಷಿಣಕ್ಕೆ, ಸಮುದ್ರದ ಮೇಲೆ ಎಂದಿರಿ. ನಿಮ್ಮ ಅಂಕಿಗಳ ಪ್ರಕಾರ ಅದೇ ಹೊತ್ತಿಗೆ ಅದು ಆಫ್ರಿಕಾದ ಮೇಲಿತ್ತು. ಎತ್ತರ ಸರಿ, ಅಕ್ಷಾಂಶ ಸರಿ, ರೇಖಾಂಶ ಮಾತ್ರ ಎತ್ತಲೋ.

"ಈ ಅಂಕಿ ಯಾವ ಫ್ರೇಮಿಂದು? ರಾಕೆಟ್‌ನವ್ರನ್ನ ಕೇಳಿದ್ರಾ?" ಎಂದೆ. ನೀವು ಆಗಲೇ ಅವರಿಗೆ ಫೋನ್ ಮಾಡಿ ಕೇಳಿದಿರಿ.

ಫ್ರೇಮ್ ಎಂದರೆ ಜಾಗ ಅಳೆಯುವ ಚೌಕಟ್ಟು ಎಂದು ಅಲ್ಫಿಯಾಗೆ ಬಿಡಿಸಿ ಹೇಳಿದೆ. ಒಂದು ಫ್ರೇಮ್ ಭೂಮಿಯ ಜೊತೆಗೇ ತಿರುಗುತ್ತದೆ, ಅದರಲ್ಲಿ ಮೂಡಿಗೆರೆ ಯಾವಾಗಲೂ ಇದ್ದಲ್ಲೇ ಇರುತ್ತದೆ. ಇನ್ನೊಂದು ದೂರದ ನಕ್ಷತ್ರಗಳನ್ನು ನಂಬಿ ನಿಂತದ್ದು, ಅದರೊಳಗೆ ಭೂಮಿ ತಿರುಗುತ್ತಿರುತ್ತದೆ. ಅವರು ನಕ್ಷತ್ರದ ಫ್ರೇಮಿನಲ್ಲಿ ಕೊಟ್ಟಿದ್ದನ್ನು ನಿಮ್ಮವರು ಭೂಮಿಯದೆಂದು ಓದಿದ್ದರು. ಎಲ್ಲರೂ ಖಾಲಿ ಆಕಾಶಕ್ಕೆ ಕಿವಿಗೊಟ್ಟು ಕೂತಿದ್ದೆವು.

ಲೆಕ್ಕ ತಿದ್ದಿದರೆ, ಅದು ನಮ್ಮ ಮೇಲೆ ಹಾಯುವುದು ಬೆಳಿಗ್ಗೆ ಎಂದಾಯಿತು. ಫೋನ್ ಇಡುವ ಮೊದಲು ನೀವು ಮೆಲ್ಲಗೆ ಹೇಳಿದಿರಿ: "ಇನ್ನೊಂದ್ಸಲ ಹೀಗೆ ಕಾಯೋಕಾಗಲ್ಲ ಮಾರಾಯ್ತಿ. ಆವತ್ತು ಆಸ್ಪತ್ರೇಲಿ, ಈಗ ಅಳ್ತಾಳೆ, ಈಗ ಅಳ್ತಾಳೆ ಅಂತ ಬಾಗ್ಲಲ್ಲೇ ನಿಂತಿದ್ದೆ."

ನಮ್ಮ ಮಗಳು ಉಸಿರಿಲ್ಲದೇ ಹುಟ್ಟಿದಳು. ನೀವು ಅದೇ ವಾರ ಕೆಲಸಕ್ಕೆ ಹೋದಿರಿ. ನನ್ನೆದುರು ಅವಳ ಮಾತೇ ಎತ್ತಲಿಲ್ಲ. ನಿಮಗದು ತಟ್ಟಿಯೇ ಇಲ್ಲ ಎಂದುಕೊಂಡು ನಾನು ಈ ಊರಿನ ಕೆಲಸ ಹಿಡಿದು ಬಂದೆ. ಬಾಗಿಲಲ್ಲಿ ನಿಂತಿದ್ದಿರೆಂದು ನನಗೆ ಯಾರೂ ಹೇಳಿರಲಿಲ್ಲ.

ಬೆಳಿಗ್ಗೆ ದೇವರಮನೆ ಗುಡ್ಡದ ಕಡೆಗೆ ಆಂಟೆನಾ ತಿರುಗಿಸಿದೆವು. ಮೊದಲು ಬರೀ ಗೊರಗೊರ. ಆಮೇಲೆ ಸಣ್ಣಗೆ, ತಡೆದು ತಡೆದು, ಕೂಗಿತು. ಅಲ್ಫಿಯಾ ನನ್ನ ಕೈ ಹಿಡಿದುಕೊಂಡಳು. ನಾನು ನಿಮಗೆ ಫೋನ್ ಹಚ್ಚಿ ಸ್ಪೀಕರಿನ ಹತ್ತಿರ ಹಿಡಿದೆ. ಆ ಕಡೆ ನೀವು ಅಳುವುದು ಕೇಳಿಸಿತು. ನಾನೇನು ಮಾಡಿದೆನೆಂದು ಬರೆಯುವುದಿಲ್ಲ.

ನಿಮ್ಮ ಕೇಂದ್ರದ ಆದೇಶ ತಲುಪಿ ಫಲಕ ಬಿಚ್ಚಿತೆಂದು ನೀವು ತಿಳಿಸಿದಾಗ ಹುಡುಗಿಯರು ಬಸ್‌ಸ್ಟ್ಯಾಂಡಿನಿಂದ ಗೋಳಿಬಜೆ ತಂದು ಹಂಚಿದರು.

ನಮ್ಮ ಕಂಪನಿಗೇ ಬಾ ಎಂದು ನಿನ್ನೆ ಕೇಳಿದಿರಿ. ಅದು ಬೇಡ. ಈ ಮಕ್ಕಳ ಜೊತೆ ಚೆನ್ನಾಗಿದ್ದೇನೆ. ಆ ಅಂಕಿ ಓದಿದವರ ಮೇಲೆ ರೇಗಬೇಡಿ, ಪಾಪ, ಅವರೂ ನಿದ್ದೆಗೆಟ್ಟಿರುತ್ತಾರೆ. ಊಟ ಸರಿಯಾಗಿ ಮಾಡಿ.

'ನಿಮ್ಮವಳು' ಎಂದು ಬರೆಯಲು ಇನ್ನೂ ಕೈ ಬರುತ್ತಿಲ್ಲ. ಸದ್ಯಕ್ಕೆ,

ವಂದನಾ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದೆ ಉಳಿದದ್ದು: ಸಂಸೆ ಊರಿನಲ್ಲಿ ನಮ್ಮ ಮಗಳನ್ನು ಮಲಗಿಸಿದ ಜಾಗಕ್ಕೆ ಆಗಾಗ ಹೋಗುತ್ತಿರುತ್ತೇನೆ. ಅವಳಿಗೊಂದು ಹೆಸರಿಟ್ಟಿದ್ದೇನೆ. ಅಮ್ಮನಿಗೂ ಹೇಳಿಲ್ಲ. ಯುಗಾದಿಗೆ ನೀವೂ ಬನ್ನಿ. ಅಲ್ಲಿ ಹೇಳುತ್ತೇನೆ, ಇಬ್ಬರೂ ಒಮ್ಮೆ ಕರೆಯೋಣ.